ನಾಲ್ಕನೇ ಮಜಲಿನಿಂದ ತಮ್ಮನನ್ನು ತಂದದ್ದು

ನನ್ನ ತಮ್ಮ ತೀರಿಕೊಂಡ ಮೇಲೆ ಎರಡು ಕಡೆ ಉಳಿದಿದ್ದ. ಒಂದು, ಗದಗಿನಿಂದ ಬೆಟಗೇರಿಗೆ ಹೋಗುವ ರಸ್ತೆಯಲ್ಲಿದ್ದ ನಮ್ಮ ಟೈಪಿಂಗ್ ಕ್ಲಾಸಿನ ಬೋರ್ಡಿನ ಮೇಲೆ, ಹೆಸರಾಗಿ. ಇನ್ನೊಂದು, ಒಂದು ಕಂಪ್ಯೂಟರ್ ಆಟದೊಳಗೆ, ನೆಲದಡಿಯ ನಾಲ್ಕನೇ ಮಜಲಿನಲ್ಲಿ, ಸತ್ತು ಬಿದ್ದವರ ಜೊತೆ. ಬೋರ್ಡನ್ನು ನಾನು ಹಾಗೇ ಬಿಟ್ಟೆ. ಆಟದೊಳಗೆ ಬಿದ್ದವನನ್ನು ಹಾಗೆ ಬಿಡಲು ಮನಸ್ಸು ಒಪ್ಪಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಅದರ ಮೇಲೆ ಇಂಗ್ಲಿಷ್ ಟೈಪಿಂಗ್ ಪರೀಕ್ಷೆ. ಮುಂಡರಗಿಗೆ ಮದುವೆ ಮಾಡಿ ಕೊಟ್ಟಿದ್ದರು. ಅಲ್ಲಿ ನೆಟ್ಟಗಾಗಲಿಲ್ಲ, ತಿರುಗಿ ಬಂದೆ. ಅಷ್ಟರಲ್ಲಿ ಅಪ್ಪ ಅವ್ವ ಇಬ್ಬರೂ ಹೋಗಿದ್ದರು. ತಮ್ಮ ಏನು ಎತ್ತ ಎಂದು ಒಂದು ಮಾತು ಕೇಳಲಿಲ್ಲ. ಕ್ಲಾಸಿನ ಕೀಲಿಕೈ ನನ್ನ ಕೈಗಿಟ್ಟು, "ಹೆಣ್ಣುಮಕ್ಕಳ ಬ್ಯಾಚು ಇನ್ನ ನಿಂದು" ಅಂದ. ಮುಂದೆ ಅವನೂ ತನ್ನ ಮದುವೆಯ ಮಾತೆತ್ತಲಿಲ್ಲ. ಹುಲಕೋಟಿಯಿಂದ, ಆಸುಪಾಸಿನ ಹಳ್ಳಿಗಳಿಂದ ಮುಂಜಾನೆಯ ಬಸ್ಸಿಗೆ ಹುಡುಗಿಯರು ಬರುತ್ತಿದ್ದರು. ಅವರಿಗೆ ನಾನು, ಸಂಜೆಯ ಹುಡುಗರಿಗೆ ಅವನು.

ಕಂಪ್ಯೂಟರ್ ನಮ್ಮದಾಗಿರಲಿಲ್ಲ. ತಮ್ಮನ ಜೊತೆ ಕಾಲೇಜಿನಲ್ಲಿ ಓದಿದ ಗೆಳೆಯನೊಬ್ಬ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ಗದಗಿನಲ್ಲಿ ಕಲಿಯುವವರು ಸಿಗುತ್ತಾರೋ ನೋಡೋಣ ಎಂದು ಒಂದನ್ನು ನಮ್ಮ ಹಿಂದಿನ ಕೋಣೆಯಲ್ಲಿ ಇಟ್ಟುಹೋದ. ಅದಕ್ಕೆ ಧೂಳು ತಾಗಬಾರದು ಅಂತ ಚಪ್ಪಲಿ ಹೊರಗೆ ಬಿಡಬೇಕು, ಮೇಲೆ ಚಾದರ ಹೊದಿಸಬೇಕು. ಕಲಿಯಲು ಬಂದವರು ಕಡಿಮೆ, ಕಿಟಕಿಯಿಂದ ಇಣುಕಿ ಹೋದವರು ಹೆಚ್ಚು. ಯಂತ್ರದ ಜೊತೆ ಬಂದ ಫ್ಲಾಪಿಗಳಲ್ಲಿ ಒಂದು ಆಟವಿತ್ತು.

ಆಟ ಅಂದರೆ ಇಷ್ಟು. ಮೇಲೊಂದು ಊರು. ಊರಲ್ಲಿ ಒಂದು ಅಂಗಡಿ, ಒಂದು ಗುಡಿ, ಮಲಗಲು ಒಂದು ಲಾಡ್ಜು. ಊರ ಕೆಳಗೆ ಒಂದರಡಿ ಒಂದರಂತೆ ಕತ್ತಲೆಯ ಓಣಿಗಳು. ಕಪ್ಪು ಪರದೆಯ ಮೇಲೆ ಹಸಿರು ಗೆರೆಗಳಲ್ಲಿ ಗೋಡೆ, ಬಾಗಿಲು ಕಾಣುತ್ತಿದ್ದವು. ಅದು ಒಬ್ಬರು ಹೋಗುವ ಆಟವಲ್ಲ. ತಂಡ ಕಟ್ಟಿಕೊಂಡು ಇಳಿಯಬೇಕು. ಒಬ್ಬ ಕತ್ತಿ ಹಿಡಿದವ, ಒಬ್ಬ ಮಂತ್ರ ಬಲ್ಲವ, ಒಬ್ಬ ಗಾಯ ಮಾಯಿಸುವ ಪೂಜಾರಿ, ಬೀಗ ಬಿಚ್ಚಲು ಒಬ್ಬ ಕಳ್ಳ. ಕತ್ತಲೆಯಲ್ಲಿ ಪ್ರಾಣಿ, ಪಿಶಾಚಿ ಎದುರಾಗುತ್ತವೆ. ಹೊಡೆಯಬೇಕು, ಇಲ್ಲವೆ ಓಡಬೇಕು.

ರವಿವಾರ ಮಧ್ಯಾಹ್ನ ಕ್ಲಾಸು ಇರುತ್ತಿರಲಿಲ್ಲ. ಆಗ ನಾಲ್ವರು ಕೂಡುತ್ತಿದ್ದೆವು. ತಮ್ಮ, ನಾನು, ಮತ್ತೆ ಇಬ್ಬರು ಹಿರಿಯರು. ಒಬ್ಬರು ತಮ್ಮನಿಗೆ ಶಾಲೆಯಲ್ಲಿ ಕಲಿಸಿದ ಮಾಸ್ತರರು. ನಿವೃತ್ತರಾಗಿ ಶಿರಹಟ್ಟಿಯಲ್ಲಿ ಇದ್ದರು. ರವಿವಾರಕ್ಕೊಮ್ಮೆ ಬಸ್ಸು ಹತ್ತಿ ಗದಗಿನ ಮಗಳ ಮನೆಗೆ ಊಟಕ್ಕೆ ಬಂದು, ಅಲ್ಲಿಂದ ನಮ್ಮಲ್ಲಿಗೆ. ಇನ್ನೊಬ್ಬರು ಬೆಟಗೇರಿಯಲ್ಲಿ ಸೀರೆಯ ವ್ಯಾಪಾರ ಮಾಡುತ್ತಿದ್ದ ಭಾಯಿ. ನೇಕಾರರಿಗೆ ಸೀರೆಯ ಅಂಚಿನ ನಕ್ಷೆಯನ್ನು ತಾವೇ ಚೌಕಳಿ ಹಾಳೆಯಲ್ಲಿ ಬರೆದುಕೊಡುತ್ತಿದ್ದರು. ಮಧ್ಯಾಹ್ನದ ನಮಾಜು ಮುಗಿಸಿ ನೇರ ಬರುತ್ತಿದ್ದರು. ನಾನು ಚಾ ಇಡುತ್ತಿದ್ದೆ, ಅವರು ಭಜಿ ಕಟ್ಟಿಸಿಕೊಂಡು ತರುತ್ತಿದ್ದರು. ಎಣ್ಣೆಕೈಯಲ್ಲಿ ಕೀಬೋರ್ಡು ಮುಟ್ಟುವ ಹಾಗಿರಲಿಲ್ಲ. ಅದು ತಮ್ಮನ ಕಟ್ಟಪ್ಪಣೆ.

ಪಾತ್ರ ಹಂಚಿಕೊಂಡ ದಿನ ನಕ್ಕಷ್ಟು ನಾವು ಮತ್ತೆಂದೂ ನಗಲಿಲ್ಲ. ಮಾಸ್ತರರು ಮಂತ್ರದವರಾದರು. ಭಾಯಿಗೆ ಉಳಿದದ್ದು ಪೂಜಾರಿ.

"ನಾ ಪೂಜಾರಿ, ಮಾಸ್ತರ್ರು ಜಾದೂಗಾರ್ರು, ಅಕ್ಕಾರು ಕಳ್ಳರು" ಅಂದರು ಭಾಯಿ. "ಬೆಟಗೇರ್ಯಾಗ ಗೊತ್ತಾದ್ರ ನನ್ನ ಅಂಗಡಿಗೆ ಯಾರೂ ಬರಂಗಿಲ್ಲ."

"ಅಕ್ಕಗ ಸರಿ ಐತ್ರಿ ಅದು" ಅಂದ ತಮ್ಮ. "ಸಣ್ಣಾವಿದ್ದಾಗ ನನ್ನ ಪಾಲಿನ ಉಂಡಿ ಎಲ್ಲಾ ಇಕೀನ ತಿಂದಾಳ."

ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಕೊಡಬೇಕಿತ್ತು. ಮಾಸ್ತರ, ಭಾಯಿ, ಅಕ್ಕ, ತಮ್ಮ ಎಂದೇ ಕೊಟ್ಟೆವು. ವಯಸ್ಸು ಕೇಳಿತು. ಅದನ್ನೂ ಇದ್ದದ್ದು ಇದ್ದ ಹಾಗೇ ಹೇಳಿದೆವು. ಆಮೇಲೆ ಸಾಲು ನಿಲ್ಲಿಸುವ ಪ್ರಶ್ನೆ ಬಂತು. ತಮ್ಮ ಆಟದ ಜೊತೆಗಿದ್ದ ಝೆರಾಕ್ಸ್ ಹಾಳೆ ಓದಿ ಹೇಳಿದ.

"ಮುಂದಿನ ಸಾಲಿನ್ಯಾಗ ಇಬ್ಬರು, ಹಿಂದ ಇಬ್ಬರು. ಏಟು ಬೀಳೂದು ಮುಂದಿನವ್ರಿಗೆ. ಕತ್ತಿ ಹಿಡದಾವ ಮುಂದ ಇರಬೇಕಂತ, ಮಂತ್ರದವ ಹಿಂದ."

ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. "ಅಂದ್ರ ನೀ ಮುಂದ, ನಾ ಹಿಂದ?"

"ಹಾಳ್ಯಾಗ ಹಂಗ ಬರದಾರ್ರಿ."

"ಹಾಳಿ ಬರದಾವ ನಮ್ಮ ಕಡಿಯಾವ ಅಲ್ಲ. ಹಿರ್ಯಾರು ಮುಂದ, ಕಿರ್ಯಾರು ಹಿಂದ. ವಯಸ್ಸಿನ ಪ್ರಕಾರ ನಿಂದರ್ಸು."

"ಹಂಗಾದ್ರ ಎರಡನೇ ನಂಬರ್ ನಂದು" ಅಂದರು ಭಾಯಿ. "ಅರೆ, ನಾನೂ ಮುದುಕನ ಆದ್ನೆಲ್ರೀ!"

ಹೀಗೆ ನಮ್ಮ ತಂಡ ಇಳಿಯಿತು. ಮುಂದೆ ರಕ್ಷಣೆಗೆ ಬರೀ ಮೈಮೇಲಿನ ಅಂಗಿಯಿದ್ದ ಮಂತ್ರವಾದಿ, ಅವರ ಪಕ್ಕ ಪೂಜಾರಿ, ಹಿಂದೆ ಕಳ್ಳಿಯಾದ ನಾನು. ಎಲ್ಲರಿಗಿಂತ ಗಟ್ಟಿಮುಟ್ಟಾದ ತಮ್ಮ, ಕತ್ತಿ ಹಿಡಿದು ಕಟ್ಟಕಡೆಗೆ. ಹಿಂದಿನ ಸಾಲಿನಿಂದ ಕತ್ತಿ ಯಾರಿಗೂ ತಾಗುವುದಿಲ್ಲ. ಪ್ರಾಣಿ ಎದುರಾದಾಗಲೆಲ್ಲ ಮಾಸ್ತರರು ಏಟು ತಿನ್ನುತ್ತಿದ್ದರು, ಭಾಯಿ ಮಾಯಿಸುತ್ತಿದ್ದರು, ತಮ್ಮ ನೋಡುತ್ತ ನಿಲ್ಲುತ್ತಿದ್ದ. ಆರು ಕಾಲಿನದು, ಎರಡು ತಲೆಯದು ಬಂದರೆ ಭಾಯಿ, "ಬಿಂಕದಕಟ್ಟಿ ಝೂನ್ಯಾಗೂ ಇಷ್ಟು ನಮೂನಿ ಇಲ್ಲಪಾ" ಅನ್ನುತ್ತಿದ್ದರು.

ಒಂದು ದಿನ ಚಾ ಸೋಸುವಾಗ ತಮ್ಮ ಒಳಗೆ ಬಂದು ಮೆಲ್ಲಗೆ ಹೇಳಿದ: "ಅಕ್ಕಾ, ನನ್ನ ಕತ್ತಿ ಗ್ವಾಡಿಗೆ ತೂಗಹಾಕಿದಂಗ ಆಗೇತಿ ನೋಡು."

"ಹೇಳಲಾ ಮತ್ತ ಅವರಿಗೆ."

"ನಾ ಹ್ಯಾಂಗ ಹೇಳ್ಲಿ? ನನ್ನ ಕೈ ಹಿಡದು ಎಬಿಸಿಡಿ ತಿದ್ದಿಸಿದವರು. ನೀ ಹೇಳು."

"ನಾ ಹೇಳಂಗಿಲ್ಲಪಾ."

ಯಾರೂ ಹೇಳಲಿಲ್ಲ. ಆ ಅಡ್ಡಾದಿಡ್ಡಿ ಸಾಲಿನಲ್ಲೇ, ಸೋತು ಸುಣ್ಣವಾಗಿ ಹಿಂದೆ ಬರುತ್ತ, ಮತ್ತೆ ಇಳಿಯುತ್ತ, ವರ್ಷ ತುಂಬುವುದರೊಳಗೆ ನಾಲ್ಕನೇ ಮಜಲು ಮುಟ್ಟಿದ್ದೆವು.

ಆ ರವಿವಾರ ನಾನು ಇರಲಿಲ್ಲ. ಲಕ್ಷ್ಮೇಶ್ವರದಲ್ಲಿ ಸೋದರತ್ತೆಯ ಬಸುರಿ ಮಗಳಿಗೆ ಕುಬಸದ ಶಾಸ್ತ್ರವಿತ್ತು. ಸಂಜೆ ಮಡಿಲಕ್ಕಿ, ಹೂವು ಹಿಡಿದುಕೊಂಡು ಬಂದು ನೋಡಿದರೆ ಮೂವರೂ ಕೈ ಕಟ್ಟಿಕೊಂಡು ಕೂತಿದ್ದಾರೆ. ಭಜಿ ಹಾಗೇ ಆರಿದೆ.

"ಏನಾತ್ರಿ?"

"ಸತ್ತಿವ್ರೀ ಅಕ್ಕಾರ" ಅಂದರು ಭಾಯಿ. "ಮೂರೂ ಮಂದಿ."

ನನ್ನ ಪಾತ್ರವನ್ನು ಊರಲ್ಲೇ ಬಿಟ್ಟು ಮೂವರೇ ಇಳಿದಿದ್ದರಂತೆ. ಮಾಸ್ತರರು ಮೊದಲು ಬಿದ್ದರು, ಆಮೇಲೆ ಭಾಯಿ. ತಮ್ಮ ಒಬ್ಬನೇ ಉಳಿದಾಗ ಮೊದಲ ಸಲ ಅವನ ಕತ್ತಿ ಕೆಲಸ ಮಾಡಿತಂತೆ, ಆದರೆ ಅಷ್ಟರಲ್ಲಿ ಹೊತ್ತು ಮೀರಿತ್ತು. ಆ ಆಟದಲ್ಲಿ ಸತ್ತವರು ಅಳಿಸಿಹೋಗುವುದಿಲ್ಲ. ಬಿದ್ದಲ್ಲೇ ಇರುತ್ತಾರೆ. ಯಾರಾದರೂ ಅಲ್ಲಿಯವರೆಗೆ ಹೋಗಿ, ಹುಡುಕಿ, ಹೊತ್ತು ಮೇಲೆ ತಂದರೆ ಗುಡಿಯಲ್ಲಿ ಎಬ್ಬಿಸಿಕೊಡುತ್ತಾರೆ.

"ಇನ್ನ ಅಕ್ಕಾನ ಬರಬೇಕು ನಮ್ಮನ್ನ ಎತ್ತಾಕ" ಎಂದು ತಮ್ಮ ನಕ್ಕ. ನಗುವಾಗ ಅವನ ಕಣ್ಣು ಹಳದಿ ಕಂಡವು. ದೀಪದ ಬೆಳಕು ಅಂದುಕೊಂಡೆ.

ಕಾಮಾಲೆ. ಮೊದಲು ಎಲೆಯ ಔಷಧ, ಪಥ್ಯ. ಆಮೇಲೆ ದವಾಖಾನೆ. ಒಂದು ಮಧ್ಯಾಹ್ನ ಎಚ್ಚರವಾಗಿ, "ಅಕ್ಕಾ, ನಾವು ಮೂರೂ ಮಂದಿ ಅಲ್ಲೇ ಬಿದ್ದೀವಿ ನೋಡು" ಅಂದ.

"ಮೊದಲ ನೀ ಎದ್ದು ಮನಿಗೆ ಬಾ. ಆಟ ಎಲ್ಲಿ ಓಡಿ ಹೊಕ್ಕೈತಿ" ಅಂದೆ.

"ಹುಂ" ಅಂದ. ಮನೆಗೆ ಎದ್ದು ಬರಲಿಲ್ಲ.

ನಮ್ಮ ಮನೆತನದಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ರಸ್ತೆಯ ತಿರುವಿನವರೆಗೆ ಹೋಗಿ ನಿಂತೆ. ಅಲ್ಲಿಂದ ಮುಂದೆ ಅವನನ್ನು ಬೇರೆಯವರು ಒಯ್ದರು. ಹೆಗಲು ಕೊಟ್ಟವರಲ್ಲಿ ಭಾಯಿಯೂ ಇದ್ದರು. ಮಾಸ್ತರರಿಗೆ ಮಂಡಿನೋವು. ಆದರೂ ಕೋಲೂರಿಕೊಂಡು ಎಲ್ಲರಿಗಿಂತ ಮುಂದೆ ನಡೆದರು.

ಹದಿಮೂರನೆಯ ದಿನ ಕಳೆದ ಮೇಲೆ ಹುಬ್ಬಳ್ಳಿಯ ಗೆಳೆಯ ಬಂದ. ಹೋಗುವಾಗ ತಲೆ ತಗ್ಗಿಸಿ, "ಅಕ್ಕಾರ, ಮಶೀನು... ಬನ್ನಿ ಹಬ್ಬ ಮುಗದ ಮ್ಯಾಲೆ ಒಯ್ತೀನ್ರಿ. ಅವಸರಿಲ್ಲ" ಅಂದ. ತಪ್ಪೇನೂ ಇರಲಿಲ್ಲ. ಅದನ್ನು ಕಲಿಸುವವನೇ ಇಲ್ಲದ ಮೇಲೆ ಅದು ನಮ್ಮಲ್ಲಿ ಯಾಕಿರಬೇಕು? ಫ್ಲಾಪಿ ಬೇಕಾದರೆ ಇಟ್ಟುಕೊಳ್ಳಿ ಅಂದ. ಫ್ಲಾಪಿ ಇಟ್ಟುಕೊಂಡು ಏನು ಮಾಡಲಿ? ಇಡೀ ಗದಗಿನಲ್ಲಿ ಅದನ್ನು ತೂರಿಸುವ ಇನ್ನೊಂದು ಯಂತ್ರ ನನಗೆ ಗೊತ್ತಿರಲಿಲ್ಲ.

ಅವನು ಹೋದ ಮೇಲೆ ಹಿಂದಿನ ಕೋಣೆಗೆ ಹೋಗಿ ಚಾದರ ತೆಗೆದೆ. ಹಬ್ಬದೊಳಗೆ ತಮ್ಮನನ್ನು ಮೇಲೆ ತರಬೇಕು. ಆ ಹೊತ್ತಿಗೆ ನನಗೆ ಬೇರೆ ವಿಚಾರವೇ ಇರಲಿಲ್ಲ.

ನಾನು ಅಲ್ಲಿಯವರೆಗೆ ಒಬ್ಬಳೇ ಆ ಯಂತ್ರವನ್ನು ಚಾಲೂ ಮಾಡಿದವಳಲ್ಲ. ತಮ್ಮ ಮಾಡುತ್ತಿದ್ದುದನ್ನು ನೋಡಿದ್ದೆ. ಫ್ಲಾಪಿ ಹಾಕಿ ಚಿಲಕ ತಿರುವಬೇಕು, ಅದು ಗೊರಗೊರ ಅನ್ನುತ್ತದೆ, ಕಾಯಬೇಕು. ಊರು ಬಂತು. ಪಟ್ಟಿಯಲ್ಲಿ ಊರಲ್ಲಿದ್ದವಳು 'ಅಕ್ಕ' ಒಬ್ಬಳು. ಉಳಿದ ಮೂರು ಹೆಸರುಗಳ ಮುಂದೆ ಹೊರಗೆ ಎಂದಿತ್ತು.

ಆ ರವಿವಾರ ಭಾಯಿ ನೋಡಿಕೊಂಡು ಹೋಗಲು ಬಂದರು. ನಾನು ಆಡುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತರು.

"ಒಬ್ಬಾಕೀನ ಇಳಿಯಾಕತ್ತೀರೇನ್ರಿ? ಅದೂ ಕಳ್ಳನ ಪಾತ್ರ ಇಟಗೊಂಡು? ಸಾಯ್ತೀರಿ. ಹೊಸಾ ಮಂದೀನ ಸೇರಿಸ್ಕೊಳ್ರಿ ಅಕ್ಕಾರ. ಹೆಸರು ಕೊಟ್ರ ಆತು, ಆಟದವನ ಹುಟ್ಟಸ್ತಾನ."

"ಗುರುತಿಲ್ಲದವರ್ನ ಕರಕೊಂಡು ತಮ್ಮನ್ನ ತರಾಕ ಹೋಗ್ಲೇನ್ರಿ ಭಾಯಿ?"

ಅವರು ಮತ್ತೆ ಆ ಮಾತು ಎತ್ತಲಿಲ್ಲ. ಮರುದಿನ ಚೌಕಳಿ ಹಾಳೆಗಳನ್ನು ತಂದುಕೊಟ್ಟರು. ಸೀರೆಯ ಅಂಚು ಬರೆಯುವ ಅದೇ ಹಾಳೆಯಲ್ಲಿ, ಮಜಲಿಗೆ ಒಂದರಂತೆ, ನಾವು ನಡೆದ ಓಣಿಗಳನ್ನೆಲ್ಲ ಅವರು ಚೊಕ್ಕವಾಗಿ ಬರೆದಿಟ್ಟಿದ್ದರು. ನಾಲ್ಕನೆಯದರ ಮೇಲೆ ಮೂವರೂ ಬಿದ್ದ ಜಾಗಕ್ಕೆ ಸಣ್ಣ ಚುಕ್ಕಿ ಇಟ್ಟಿದ್ದರು.

ನನ್ನ ಮಧ್ಯಾಹ್ನಗಳು ಆ ಕೋಣೆಯಲ್ಲಿ ಕಳೆದವು. ಮುಂಜಾನೆಯ ಹುಡುಗಿಯರು ಹೋದ ಮೇಲೆ, ಸಂಜೆಯ ಬ್ಯಾಚು ಬರುವವರೆಗೆ. ಸಂಜೆಯದನ್ನೂ ಈಗ ನಾನೇ ನೋಡಬೇಕಿತ್ತು. ಕಳ್ಳಿಯ ಪಾತ್ರಕ್ಕೆ ಬಲ ಕಡಿಮೆ. ಮೊದಲ ಮಜಲಿನಲ್ಲೇ ಇಲಿಯಂಥ ಪ್ರಾಣಿಗಳು ಕಡಿದು ಸಾಯುವ ಹಾಗೆ ಮಾಡಿದವು. ನಾನು ಸತ್ತರೆ ಎತ್ತಿ ತರಲು ಮೇಲೆ ಯಾರೂ ಇಲ್ಲ ಎಂಬುದು ಪ್ರತಿ ಸಲ ಬಾಗಿಲು ತೆಗೆಯುವಾಗಲೂ ನೆನಪಿರುತ್ತಿತ್ತು. ಹೊಡೆದಾಡುವುದು ಬಿಟ್ಟೆ. ಓಡುವುದನ್ನು ಕಲಿತೆ. ಟೈಪಿಂಗ್ ಕಲಿಸುವವಳ ಬೆರಳು, ಕೀ ಹುಡುಕಬೇಕಿರಲಿಲ್ಲ. ಪ್ರಾಣಿಯ ಹೆಸರು ಮೂಡಿತು ಅನ್ನುವಷ್ಟರಲ್ಲಿ ಓಡುವ ಅಕ್ಷರ ಒತ್ತಿರುತ್ತಿದ್ದೆ. ಓಡಲು ಆಗದಿದ್ದಾಗ ಹೊಡೆದೆ. ಒಂದೊಂದೇ ಗೆದ್ದ ಹಾಗೆ ಅವಳಿಗೂ ಬಲ ಬಂತು.

ಗಾಯವಾದರೆ ಮೇಲೆ ಬಂದು ಲಾಡ್ಜಿನಲ್ಲಿ ಮಲಗಬೇಕು. ಮಲಗಿದರೆ ಆಟದಲ್ಲಿ ವಾರಗಳು ಸರಿಯುತ್ತವೆ, ವಾರ ಸರಿದಂತೆ ವಯಸ್ಸೂ ಏರುತ್ತದೆ. ನಾಲ್ವರೂ ಆಡುವಾಗ ಭಾಯಿಯ ಪೂಜಾರಿ ಗಾಯ ಮಾಯಿಸುತ್ತಿದ್ದ, ಹೆಚ್ಚು ಮಲಗುವ ಪ್ರಸಂಗ ಬರುತ್ತಿರಲಿಲ್ಲ. ಈಗ ಮತ್ತೆ ಮತ್ತೆ ಮಲಗಬೇಕಾಯಿತು. ಒಂದು ದಿನ ನೋಡುತ್ತೇನೆ, ಅಕ್ಕನ ವಯಸ್ಸು ನನ್ನ ವಯಸ್ಸನ್ನು ದಾಟಿತ್ತು. ಕೆಳಗೆ ಬಿದ್ದವರಿಗೆ ಮಾತ್ರ ಇದ್ದ ವಯಸ್ಸೇ ಇರುತ್ತದೆ.

ಗದಗಿನ ನಮ್ಮ ಓಣಿಯಲ್ಲಿ ಮಾತು ಹುಟ್ಟಿತು. ಬಾಜೂಮನೆಯ ಅಜ್ಜಿ ಒಂದು ದಿನ ಕಟ್ಟೆಯ ಮೇಲೆ ನಿಲ್ಲಿಸಿ ಕೇಳಿಯೇಬಿಟ್ಟಳು.

"ಏನವಾ, ಹೊಟ್ಟಿಯೊಳಗಿನ ಸಂಕಟ ಬಿಟ್ಟು ದಿನಾ ಆ ಡಬ್ಬಿ ಮುಂದ ಕುಂಡರತೀಯಂತಲ್ಲ? ಮಂದಿ ಏನಂತಾರ?"

"ತಮ್ಮಂದೊಂದು ಕೆಲಸ ಉಳದೈತಬೇ. ಮುಗಸಾಕತ್ತೀನಿ."

"ಡಬ್ಬ್ಯಾಗೇನ್ ಕೆಲಸ?"

"ತಗ್ಗಿನ್ಯಾಗ ಬಿದ್ದಾನ. ಎತ್ತಬೇಕು."

ಅಜ್ಜಿ ನನ್ನ ಮುಖ ನೋಡಿದಳು. ಹುಚ್ಚು ಅಂದುಕೊಂಡಳೋ ಏನೋ. "ಎತ್ತವಾ ತಾಯಿ, ಎತ್ತು" ಅಂದು ಒಳಗೆ ಹೋಗಿ ಒಂದು ಬಟ್ಟಲು ಮಜ್ಜಿಗೆ ತಂದುಕೊಟ್ಟಳು.

ನವರಾತ್ರಿ ಶುರುವಾಗುವ ಹೊತ್ತಿಗೆ ನಾಲ್ಕನೇ ಮಜಲಿಗೆ ಇಳಿದೆ. ಭಾಯಿಯ ಹಾಳೆ ತೊಡೆಯ ಮೇಲಿತ್ತು. ಬೆರಳಿಟ್ಟುಕೊಂಡು ನಡೆದೆ. ಅರ್ಧದವರೆಗೆ ಹಾಳೆ ಹೇಳಿದ ಹಾಗೇ ಬಾಗಿಲು, ತಿರುವು, ಓಣಿ. ಅಲ್ಲಿಂದ ಮುಂದೆ ಬಾಗಿಲಿರಬೇಕಾದಲ್ಲಿ ಗೋಡೆ. ಓಣಿ ಇರಬೇಕಾದಲ್ಲಿ ತಗ್ಗು. ತಗ್ಗಿಗೆ ಬಿದ್ದು ಅರೆಜೀವವಾಯಿತು. ಪಿಶಾಚಿಗಳು ಬಂದವು. ಓಡಿದೆ, ಬಂದ ದಾರಿಯಲ್ಲೇ, ಮಜಲಿನ ಮೇಲೆ ಮಜಲು. ಊರು ಮುಟ್ಟಿದಾಗ ನನ್ನ ಕೈ ಬೆವೆತು ಕೀಗಳೆಲ್ಲ ಒದ್ದೆಯಾಗಿದ್ದವು.

ಹಾಳೆ ಹಿಡಿದುಕೊಂಡು ನೇರ ಬೆಟಗೇರಿಗೆ ನಡೆದೆ. ಭಾಯಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದರು. ಅವರು ಹೋಗುವವರೆಗೆ ಕಾದು, ಹಾಳೆಯನ್ನು ಗಾದಿಯ ಮೇಲೆ ಹಾಸಿದೆ.

"ಭಾಯಿ, ಇಲ್ಲಿ ಬಾಗಲಾ ಇಲ್ರಿ. ಗ್ವಾಡಿ ಐತಿ."

ಅವರು ಬಗ್ಗಿ ನೋಡಿದರು. ಮತ್ತೆ ನೋಡಿದರು. ಹಾಳೆಯ ನಡುವೆ ಬೆರಳಿಟ್ಟು ಎಡಕ್ಕೂ ಬಲಕ್ಕೂ ಸರಿಸಿದರು. ಆಮೇಲೆ ಹಣೆ ಬಡಿದುಕೊಂಡರು.

"ಯಾ ಅಲ್ಲಾ! ಅಂಚು ಬರದಂಗ ಬರದೀನ್ರೀ ಅಕ್ಕಾರ. ನಾವು ಅಂಚಿಗೆ ಅರ್ಧಾನ ಲೆಕ್ಕ ಹಿಡೀತೀವಿ. ಉಳದರ್ಧ ಅದನ್ನ ಮಗ್ಗಲಾ ಹೊಳ್ಳಿಸಿ ಬರಿಯೂದು. ಆವತ್ತ ಸತ್ತು ಮನಿಗೆ ಹ್ವಾದೆ, ನಿದ್ದಿ ಬರ್ಲಿಲ್ಲ. ಹಾಳಿ ಅರ್ಧಾ ಖಾಲಿ ಕಾಣಸ್ತಿತ್ತು. ಕೈ ತಾನ ತುಂಬಿಬಿಟ್ಟೈತಿ ನೋಡ್ರಿ. ನಾ ನೋಡೇ ಇಲ್ಲ."

ನಾಲ್ಕನೇ ಮಜಲಿನ ಬಲಗಡೆಯೆಲ್ಲ ಎಡಗಡೆಯ ಕನ್ನಡಿ. ಅವರು ಎಂದೂ ಕಾಲಿಡದ ಜಾಗಕ್ಕೂ ಅಂದವಾದ ಓಣಿಗಳು. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ತಮ್ಮ ಹೋದ ಮೇಲೆ ಅದೇ ಮೊದಲ ಸಲ. ಭಾಯಿಯೂ ನಕ್ಕರು, ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

"ಚುಕ್ಕಿ ಖರೆ ಐತೇನ್ರಿ?" ಎಂದು ಕೇಳಿದೆ.

"ಚುಕ್ಕಿ ಖರೆ ಐತ್ರಿ. ಮಾಸ್ತರ್ರು ಬೀಳೂ ಮುಂಚೆ ಮಂತ್ರ ಹಾಕಿ ಜಾಗಾದ ನಂಬರ್ ತಗದಿದ್ರು, ಅದನ್ನ ಮರೀತೀನೇನು? ಆದ್ರ ಅಲ್ಲಿಗೆ ಹ್ವಾದ ಹಾದಿ ಮಾತ್ರ ನೆನಪಿಲ್ಲ. ಹಿಂದಿಂದ ಅವು ಬೆನ್ನಹತ್ತಿದ್ದವು, ಓಡಿದ್ವಿ."

ಅಂಗಡಿಯಲ್ಲೇ ರಬ್ಬರು ಹಿಡಿದು ಬಲಗಡೆಯನ್ನೆಲ್ಲ ಅಳಿಸಿದರು. ಚುಕ್ಕಿಯೊಂದನ್ನು ಬಿಟ್ಟು.

ಮುಂದಿನ ರವಿವಾರ ಮಾಸ್ತರರು ಬಂದರು. ತಮ್ಮ ಹೋದ ಮೇಲೆ ಆ ಕೋಣೆಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಚಪ್ಪಲಿ ಹೊರಗೆ ಬಿಟ್ಟು, ಗೋಡೆಗೆ ಒರಗಿ ಕೂತು, ನಾನು ಎರಡನೇ ಮಜಲಿನಲ್ಲಿ ಓಡಾಡುವುದನ್ನು ನೋಡಿದರು. ಸಾಲಿನಲ್ಲಿ ಇದ್ದದ್ದು ಒಂದೇ ಹೆಸರು. ಮುಂದೂ ಅದೇ, ಹಿಂದೂ ಅದೇ.

"ತಂಗೀ" ಅಂದರು. "ಆ ಹಾಳಿ ನಾನೂ ಓದಿದ್ದೆ. ಇಂಗ್ಲಿಷ್ ಕಲಿಸಿದಾವ ನಾ. ಮಂತ್ರದವ ಹಿಂದ ನಿಂದರಬೇಕು ಅನ್ನೂದು ನನಗ ತಿಳೀಲಾರದ್ದಲ್ಲ."

ನಾನು ಕೈ ನಿಲ್ಲಿಸಿದೆ.

"ನನ್ನ ದೊಡ್ಡಸ್ತಿಕಿ ಅಂತ ನಿಮ್ಮ ಮನಸಿನ್ಯಾಗ ಇದ್ದೀತು. ಅದಲ್ಲ. ಆಟರ ಇರ್ಲಿ, ಖರೆರ ಇರ್ಲಿ, ನಾ ಕಲಿಸಿದ ಹುಡುಗನ್ನ ಮುಂದ ಮಾಡಿ, ಅವನ ಬೆನ್ನ ಹಿಂದ ನಾ ಹ್ಯಾಂಗ ನಿಂದರ್ಲಿ? ಮೊದಲ ಏಟು ನನಗ ಬೀಳಬೇಕಲ್ಲ."

ಹೊರಗೆ ನವರಾತ್ರಿ ಮೆರವಣಿಗೆಯ ಬ್ಯಾಂಡು ಹೋಯಿತು. ಅದರ ಸದ್ದು ಪೂರಾ ಅಡಗಿದ ಮೇಲೆ ಅವರು, "ಆಡು, ಆಡು. ಎಡಕ್ಕ ಏನೋ ಐತಿ ನೋಡು" ಅಂದರು.

ಕೊನೆಗೆ ತಂದ ದಿನ ಬನ್ನಿ ಹಬ್ಬದ ಹಿಂದಿನ ದಿನ. ಆಯುಧಪೂಜೆಗೆಂದು ಟೈಪ್‌ರೈಟರುಗಳಿಗೆಲ್ಲ ಕುಂಕುಮ ಹಚ್ಚಿ ಹೂ ಏರಿಸಬೇಕಾಗಿತ್ತು. ನಮಗೆ ಸೂತಕದ ವರ್ಷ, ನಾನು ಮುಟ್ಟಲಿಲ್ಲ. ಹುಡುಗಿಯರೇ ಮಾಡಿ ಹೋದರು. ಕಂಪ್ಯೂಟರಿಗೂ ಒಂದು ಚೆಂಡುಹೂ ಸಿಕ್ಕಿಸಿದ್ದರು. ಕ್ಲಾಸಿಗೆ ರಜೆ. ಮಾಸ್ತರರು ಮಗಳ ಮನೆಗೆ ಹಬ್ಬಕ್ಕೆ ಬಂದಿದ್ದರು. ಭಾಯಿಗೆ ಹೇಳಿಕಳಿಸಿದ್ದೆ. ಇಬ್ಬರೂ ನನ್ನ ಹಿಂದೆ ಕೂತರು.

ನಾಲ್ಕನೇ ಮಜಲಿನ ಬಲಗಡೆಗೆ ಹಾಳೆ ಇರಲಿಲ್ಲ. ಎಡಗೈಯನ್ನು ಗೋಡೆಗೆ ತಾಗಿಸಿಕೊಂಡವಳ ಹಾಗೆ, ಎಡಕ್ಕೆ ಸಿಕ್ಕ ತಿರುವನ್ನೆಲ್ಲ ಹಿಡಿದು ನಡೆದೆ. ಕತ್ತಲೆಯಲ್ಲಿ ಕಾಣದ ಮನೆಯಲ್ಲಿ ನಾವು ಹಾಗೇ ತಾನೆ ನಡೆಯುವುದು. ಭಾಯಿ ಹಿಂದಿನಿಂದ ಒಂದೊಂದೇ ಚೌಕ ಬರೆಯುತ್ತ ಬಂದರು, ಈ ಸಲ ಕಂಡದ್ದನ್ನು ಮಾತ್ರ. ಎರಡು ಸಲ ಓಡಿದೆ. ಒಮ್ಮೆ ಓಡಲು ಆಗದೆ ಹೊಡೆದಾಡಿ ಉಳಿದೆ. ಅವಳ ಜೀವ ಅರ್ಧಕ್ಕಿಂತ ಕೆಳಗಿಳಿದಿತ್ತು.

"ತಿರಗ್ರಿ ಅಕ್ಕಾರ" ಅಂದರು ಭಾಯಿ. "ನಾಳೆ ನೋಡೂಣು."

"ನಾಳೆ ಹಬ್ಬ, ನಾಡದ ಮಶೀನ ಹೊಕ್ಕೈತ್ರಿ ಭಾಯಿ."

ಮಾಸ್ತರರು, "ಹೋಗ್ಲಿ ಬಿಡ್ರಿ ಆಕಿ, ಹೋಗ್ಲಿ" ಅಂದರು.

ಇನ್ನೆರಡು ತಿರುವು. ಭಾಯಿಯ ಪೆನ್ಸಿಲು ಚುಕ್ಕಿಯ ಮೇಲೆ ಬಂದು ನಿಂತಿತು. ಪರದೆಯ ಮೇಲೆ ಏನೂ ಇರಲಿಲ್ಲ. ಅದೇ ಹಸಿರು ಗೋಡೆ, ಅದೇ ಕಪ್ಪು. ಹುಡುಕು ಎಂಬುದನ್ನು ಒತ್ತಿದೆ. ಫ್ಲಾಪಿ ಗೊರಗುಟ್ಟಿತು. ಒಂದರ ಕೆಳಗೊಂದು ಮೂರು ಹೆಸರು ಬಂದವು. ಮಾಸ್ತರ. ಭಾಯಿ. ತಮ್ಮ.

ಮೂವರನ್ನೂ ಎತ್ತಿಕೊಂಡೆ. ಆ ಆಟದಲ್ಲಿ ಸತ್ತವರು ತಾವಾಗಿ ಸಾಲಿನ ಹಿಂದಕ್ಕೆ ಸೇರುತ್ತಾರೆ. ಎಲ್ಲರಿಗಿಂತ ಮುಂದೆ ಅಕ್ಕ ನಿಂತಳು. ಬರೆದ ಹಾಳೆಯನ್ನು ಹಿಂದುಮುಂದಾಗಿ ಓದುತ್ತ ಮೆಟ್ಟಿಲಿಗೆ ಬಂದೆ. ಮೂರನೆಯದು, ಎರಡನೆಯದು. ಮೊದಲ ಮಜಲಿನಲ್ಲಿ ಇಲಿಗಳು ಅಡ್ಡ ಬಂದವು. ಯಾಕೋ ಓಡಲಿಲ್ಲ, ನಿಂತು ಹೊಡೆದೆ. ಕೊನೆಯ ಮೆಟ್ಟಿಲು ಹತ್ತಿ ಊರಿನ ಹೆಸರು ಪರದೆಯ ಮೇಲೆ ಬಂದಾಗ ನನ್ನ ಬೆನ್ನು ಕಟ್ಟಿಗೆಯಾಗಿತ್ತು. ನಿಜವಾಗಿ ಹೊತ್ತು ತಂದ ಹಾಗೆ ಎರಡೂ ಭುಜ ನೋಯುತ್ತಿದ್ದವು.

ಗುಡಿಯವರು ಮೊದಲು ದಕ್ಷಿಣೆ ಕೇಳಿದರು. "ಇಲ್ಲೂ ಅದ ಕಥಿ" ಅಂದರು ಮಾಸ್ತರರು. ಗಳಿಸಿದ್ದು ಸಾಕಾಗುವಷ್ಟಿತ್ತು. ಭಯ ಬೇರೆಯಿತ್ತು. ಎಬ್ಬಿಸುವುದು ಪ್ರತಿ ಸಲ ಫಲಿಸುವುದಿಲ್ಲ, ಕೆಲವು ಸಲ ಹೆಣ ಬೂದಿಯಾಗುತ್ತದೆ ಎಂದು ತಮ್ಮನೇ ಹೇಳಿದ್ದ. ಬೂದಿಯಾದವರನ್ನು ಮತ್ತೆ ಎಬ್ಬಿಸಲು ಹೋದರೆ ಹೆಸರೂ ಉಳಿಯದೇ ಹೋಗಬಹುದು.

"ಯಾರನ್ನ ಮೊದಲ?" ಎಂದು ಕೇಳಿದೆ.

"ಹುಡುಗನ್ನ" ಅಂದರು ಮಾಸ್ತರರು.

ಭಾಯಿ ಖುರ್ಚಿ ಹಿಂದೆ ಸರಿಸಿಕೊಂಡರು. "ಅಕ್ಕಾರ, ನಾ ಇದಕ್ಕ ಏನೂ ಅನ್ನಂಗಿಲ್ಲ. ಸತ್ತವರ್ನ ಎಬ್ಬಸೂದು ಮ್ಯಾಲಿನಾವನ ಕೈಯಾಗಿನ ಮಾತು. ಆಟ ಅಂದ್ರೂ ನನ್ನ ಬಾಯಿಂದ ಹುಂ ಬರವಲ್ದು."

"ನೀವು ಹುಂ ಅನಬ್ಯಾಡ್ರಿ. ನಾ ಒತ್ತತೀನಿ."

ಒತ್ತಿದೆ. ಪರದೆಯ ಮೇಲೆ ಗುಡಿಯವರ ಮಂತ್ರದ ಸಾಲುಗಳು ಒಂದೊಂದಾಗಿ ಮೂಡಿದವು. ಹುಂ ಅನ್ನುವುದಿಲ್ಲ ಎಂದಿದ್ದ ಭಾಯಿಯ ತುಟಿ ಅಲುಗುತ್ತಿದ್ದವು. ಮಾಸ್ತರರು ಕನ್ನಡಕ ತೆಗೆದುಬಿಟ್ಟರು, ನೋಡುವುದು ಬೇಡ ಅಂತ.

ಬೂದಿ ಎಂದು ಬರಲಿಲ್ಲ. ತಮ್ಮ ಎದ್ದಿದ್ದ. ಜೀವ ಒಂದೇ ಒಂದು ಅಂಕಿಯಷ್ಟು.

"ಎದ್ದಾನ್ರಿ ಮಾಸ್ತರ್ರ" ಅಂದೆ.

ಅಷ್ಟು ಕಡಿಮೆ ಜೀವದವನನ್ನು ಹಾಗೇ ಬಿಡುವಂತಿರಲಿಲ್ಲ. ಉಳಿದ ಇಬ್ಬರನ್ನು ಗುಡಿಯಲ್ಲೇ ಬಿಟ್ಟು ಲಾಡ್ಜಿಗೆ ಕರೆದುಕೊಂಡು ಹೋದೆ. ಅಲ್ಲಿ ಕುದುರೆಲಾಯದ ಹುಲ್ಲಿನಿಂದ ಹಿಡಿದು ರಾಜರ ಕೋಣೆಯವರೆಗೆ ಇತ್ತು. ನಾನು ಅಷ್ಟು ದಿನವೂ ಹುಲ್ಲಿಗಿಂತ ಒಂದೇ ದರ್ಜೆ ಮೇಲಿನ ಅಗ್ಗದ ಮಂಚದ ಮೇಲೆ ಮಲಗಿದವಳು. ಅವನಿಗೆ ಎಲ್ಲಕ್ಕಿಂತ ಒಳ್ಳೆಯ ಕೋಣೆ ಹಿಡಿದೆ. ಒಂದು ಸಲ ಒತ್ತಿದರೆ ಒಂದು ವಾರದ ನಿದ್ದೆ. ಜೀವ ಸ್ವಲ್ಪ ಏರಿತು. ಮತ್ತೆ ಒತ್ತಿದೆ. ಮತ್ತೆ ಏರಿತು. ಮಾಸ್ತರರು ಕನ್ನಡಕ ಹಾಕಿಕೊಂಡು ಹತ್ತಿರ ಸರಿದು ನೋಡಿದರು. ಒತ್ತುತ್ತ ಹೋದ ಹಾಗೆ ಅವನ ವಯಸ್ಸಿನ ಅಂಕಿ ಬದಲಾಯಿತು. ದವಾಖಾನೆಯಲ್ಲಿ ನಿಂತುಹೋದ ವರ್ಷದಿಂದ ಒಂದು ವರ್ಷ ಮುಂದೆ.

ಜೀವ ಪೂರಾ ತುಂಬಿತ್ತು. ಇನ್ನು ಮಲಗಿಸುವ ಕಾರಣವೇ ಇರಲಿಲ್ಲ. ನನ್ನ ಬೆರಳು ಮಾತ್ರ ನಿಲ್ಲಲಿಲ್ಲ. ಇನ್ನೊಂದು ವಾರ, ಇನ್ನೊಂದು. ಮತ್ತೊಂದು ವರ್ಷ ಏರಿತು.

ಭಾಯಿ ಮೆಲ್ಲಗೆ ಅಂದರು: "ಸಾಕ್ರಿ ಅಕ್ಕಾರ. ಹಿಂಗ ಒತ್ತಿದ್ರ ಹುಡುಗ ಮುದುಕ ಆಗ್ತಾನ."

"ಆಗ್ಲಿ ಬಿಡ್ರಿ ಭಾಯಿ" ಅಂದೆ. ಮತ್ತೊಮ್ಮೆ ಒತ್ತಿದೆ.